ಸಹಾಯ ಬೇಕು: ಸೀರೆ ಅಂಗಡಿ ಕೆಲಸವನ್ನು ರೆಸ್ಯೂಮ್‌ನಲ್ಲಿ ಹೇಗೆ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಬಿ.ಕಾಂ. ಆಗಿದೆ. ಬೆಂಗಳೂರಿನಲ್ಲಿ ಕಸ್ಟಮರ್ ಕೇರ್ ಕೆಲಸ ಹುಡುಕುತ್ತಿದ್ದೇನೆ, ಕನ್ನಡ ವಾಯ್ಸ್ ಪ್ರೋಸೆಸ್, ಅಂದರೆ ಫೋನಿನಲ್ಲಿ ಗ್ರಾಹಕರ ಜೊತೆ ಕನ್ನಡದಲ್ಲಿ ಮಾತಾಡುವ ಕೆಲಸ. ಎರಡು ತಿಂಗಳಲ್ಲಿ 20 ಕಡೆ ರೆಸ್ಯೂಮ್ ಕಳಿಸಿದೆ. ಒಂದು ಫೋನೂ ಬಂದಿಲ್ಲ.

ನಾಲ್ಕು ವರ್ಷ ಸೀರೆ ಅಂಗಡಿಯ ಕೌಂಟರ್‌ನಲ್ಲಿದ್ದೆ. ಒಬ್ಬರು ಬಣ್ಣ ಬಿಟ್ಟ ಸೀರೆ ಹಿಡಿದು ಕೂಗಾಡುತ್ತಾ ಬಂದರು. ಕೂರಿಸಿ, ನೀರು ಕೊಟ್ಟು, ಪೂರ್ತಿ ಮಾತು ಕೇಳಿ, ಬಿಲ್ ನೋಡಿ ಬೇರೆ ಸೀರೆ ಕೊಡಿಸಿದೆ. ಮಗಳ ಮದುವೆ ಜವಳಿಗೂ ಅವರು ನಮ್ಮಲ್ಲಿಗೇ ಬಂದರು. ಇದೂ ಕಸ್ಟಮರ್ ಸರ್ವಿಸೇ ಅಲ್ವಾ? ರೆಸ್ಯೂಮ್‌ನಲ್ಲಿ ಮಾತ್ರ ‘ಸೇಲ್ಸ್‌ಮನ್, 4 ವರ್ಷ’ ಅಂತ ಒಂದೇ ಸಾಲಿದೆ.

ಬಣ್ಣದ ಟೆಂಪ್ಲೇಟ್ ಬಿಟ್ಟು ಒಂದೇ ಪುಟಕ್ಕೆ ಇಳಿಸಿದೆ. ಸುಮ್ನೆ ಹಾಕಿದ್ದ ‘ಹಾರ್ಡ್‌ವರ್ಕಿಂಗ್’ ತೆಗೆದು ಕನ್ನಡ, ಹಿಂದಿ, ತೆಲುಗು, ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಬರುತ್ತದೆ ಅಂತ ಸೇರಿಸಿದೆ. ಸ್ನೇಹಿತ ‘ಬಿಪಿಒ (ಕಾಲ್ ಸೆಂಟರ್ ಥರದ ಕಂಪನಿ) ಅನುಭವ ಎರಡು ವರ್ಷ ಅಂತ ಹಾಕು’ ಅಂದ. ಸುಳ್ಳು ಬರೆಯಲು ನನಗೆ ಮನಸ್ಸಿಲ್ಲ.

ಗೊಂದಲ ಇಷ್ಟೇ. ಸಂಬಳ ಕೈಗೇ ಕೊಡುತ್ತಿದ್ದರು, ಪೇ ಸ್ಲಿಪ್ ಇಲ್ಲ. ಮಾಲೀಕರು ಅಂಗಡಿ ಸೀಲ್ ಹಾಕಿ ಪತ್ರ ಕೊಡುತ್ತಾರೆ, ಅನುಭವಕ್ಕೆ ಪುರಾವೆಯಾಗಿ ಅದು ಸಾಕಾ? ಆ ಸೀರೆಯ ವಿಷಯವನ್ನು ಅನುಭವದ ಕೆಳಗೆ ಹೇಗೆ ಬರೆಯಲಿ? ಕಾಲ್ ಸೆಂಟರ್‌ಗೆ ಜನ ತೆಗೆದುಕೊಳ್ಳುವವರು ಇಲ್ಲಿದ್ದರೆ, ದಯವಿಟ್ಟು ಆ ಒಂದು ಸಾಲು ಬರೆದು ತೋರಿಸುತ್ತೀರಾ?