ಬಾನೆವಿಲ್ ಟಿ120, ಸ್ಪೀಡ್ ಟ್ವಿನ್ 1200, ಟೈಗರ್ 900 ಜಿಟಿ ಪ್ರೊ: ಇಬ್ಬರು, ಲಗೇಜು, ದೂರದ ದಾರಿಗೆ ಯಾವುದು?

ರಾತ್ರಿಸವಾರ:
ಟ್ರಯಂಫ್‌ನ ಈ ಮೂರು ಬೈಕುಗಳಲ್ಲಿ ಒಂದನ್ನು ಆರಿಸಬೇಕು. ವಾರವಿಡೀ ಊರೊಳಗಿನ ಓಡಾಟ, ವರ್ಷಕ್ಕೆ ಮೂರ್ನಾಲ್ಕು ಸಲ ದಿನಕ್ಕೆ 400-500 ಕಿ.ಮೀ. ಲೆಕ್ಕದ ದೂರ ಪ್ರಯಾಣ. ಹಿಂದೆ ಒಬ್ಬರು, ಎರಡೂ ಬದಿಗೆ ಬ್ಯಾಗು. ರಸ್ತೆ ಬಹುಪಾಲು ಡಾಂಬರು, ಆಗೊಮ್ಮೆ ಈಗೊಮ್ಮೆ ಕಿತ್ತುಹೋದದ್ದು. ಕಣ್ಣಿಗೆ ಹಿಡಿಸಿರುವುದು ಟಿ120. ಬುದ್ಧಿ ಟೈಗರ್ ಅಂತಿದೆ. ಪಿಎಸ್ (ಎಂಜಿನ್ ಶಕ್ತಿ), ಎನ್‌ಎಂ (ಟಾರ್ಕ್, ಅಂದರೆ ತಿರುಗಿಸುವ ಬಲ) ಎಲ್ಲ ಕಂಪನಿಯ ಹಾಳೆಯಲ್ಲೇ ಇದೆ. ಹಾಳೆಯಲ್ಲಿ ಇಲ್ಲದ್ದನ್ನು ಹೇಳಿ: ಎಲ್ಲಿ ಕೈಕೊಡುತ್ತೆ, ಯಾಕೆ?

ಮೂರನೇಗೇರ್:
ಹಾಳೆಯಲ್ಲಿ ಇರೋದನ್ನೇ ಸರಿಯಾಗಿ ಓದಿದರೆ ಅರ್ಧ ಉತ್ತರ ಸಿಗುತ್ತೆ ಗುರೂ. ಟಿ120ಯ 1200 ಸಿಸಿ ಎಂಜಿನ್ನಿನ ಪವರ್ 80 ಪಿಎಸ್ ಅಷ್ಟೇ, ಆದರೆ 105 ಎನ್‌ಎಂ ಟಾರ್ಕ್ 3,500 ಆರ್‌ಪಿಎಂಗೇ ಸಿಗುತ್ತೆ. ಟೈಗರ್ 900ರ 2024ರ ಎಂಜಿನ್ 888 ಸಿಸಿ, 108 ಪಿಎಸ್, ಟಾರ್ಕ್ ಮಾತ್ರ 90 ಎನ್‌ಎಂ, ಅದೂ 6,850ಕ್ಕೆ. ಅಂದರೆ ಇಬ್ಬರು ಕೂತು, ಬ್ಯಾಗು ಕಟ್ಟಿ, ಏರಿನಲ್ಲಿ ಲಾರಿ ಹಿಂದಿಕ್ಕುವಾಗ ಟಿ120ಯಲ್ಲಿ ಗೇರ್ ಇಳಿಸೋ ಅಗತ್ಯವೇ ಬೀಳಲ್ಲ, ಮಣಿಕಟ್ಟು ತಿರುಗಿಸಿದರೆ ಸಾಕು. ಟೈಗರ್‌ನಲ್ಲಿ ಒಂದು ಗೇರ್ ಇಳಿಸಬೇಕು, ಇಳಿಸಿದ ಮೇಲೆ ಅದು ಟಿ120ಯನ್ನು ಬಿಟ್ಟು ಓಡುತ್ತೆ.

ಸ್ಪೀಡ್ ಟ್ವಿನ್ 1200 ಅದೇ 1200 ಕುಟುಂಬದ ಎಂಜಿನ್, ಸ್ವಭಾವ ಬೇರೆ. ಟಿ120ಯ ಕಂಪ್ರೆಷನ್ (ಸಿಲಿಂಡರಿನೊಳಗೆ ಮಿಶ್ರಣ ಹಿಂಡೋ ಪ್ರಮಾಣ) 10:1, ಇದರದ್ದು 12.1:1. 2025ರ ಮಾಡೆಲ್ 105 ಪಿಎಸ್, 112 ಎನ್‌ಎಂ. ಕ್ರ್ಯಾಂಕ್ (ಎಂಜಿನ್ನೊಳಗೆ ತಿರುಗೋ ಮುಖ್ಯ ದಂಡ) ಹಗುರ, ಹಾಗಾಗಿ ಥ್ರಾಟಲ್‌ಗೆ ತಕ್ಷಣ ಎಗರುತ್ತೆ. ಒಬ್ಬರೇ ಹೋಗೋದಾದರೆ ಕಣ್ಣುಮುಚ್ಚಿ ಇದನ್ನೇ ತಗೊಳ್ಳಿ ಅಂತಿದ್ದೆ. ಹಿಂದಿನವರಿಗೆ ಸೀಟು ಕಿರಿದು, ಸೆಂಟರ್ ಸ್ಟ್ಯಾಂಡ್ ಜೊತೆಗೆ ಬರಲ್ಲ. ನಿಮ್ಮ ಬಳಕೆಗೆ ಇದನ್ನು ಪಟ್ಟಿಯಿಂದ ತೆಗೆದುಬಿಡಿ.

ಟ್ಯಾಂಕ್ ವಿಷಯ: ಟಿ120ಗೆ 14.5 ಲೀಟರ್, ಟೈಗರ್‌ಗೆ 20. ಲೀಟರಿಗೆ 20 ಕಿ.ಮೀ. ಅಂತ ಹಿಡಿದರೆ ಒಂದಕ್ಕೆ 290, ಇನ್ನೊಂದಕ್ಕೆ 400. ಲೋಡು, ಎದುರುಗಾಳಿ ಎರಡೂ ಸೇರಿದರೆ ಟಿ120ಯನ್ನು 220-230 ಕಿ.ಮೀ.ಗೇ ಬಂಕಿಗೆ ತಿರುಗಿಸೋ ಅಭ್ಯಾಸ ಇಟ್ಟುಕೊಳ್ಳಿ.

ಕಡ್ಡಿಚಕ್ರ:
ಎಂಜಿನ್ ಚರ್ಚೆ ಆಮೇಲೆ ಮಾಡೋಣ. ದೂರದ ದಾರಿಯಲ್ಲಿ ಈ ಎರಡನ್ನು ಬೇರೆ ಮಾಡುವುದು ಚಕ್ರ.

ಟಿ120ಯದ್ದು ಸ್ಪೋಕ್ ಚಕ್ರ, ಒಳಗೆ ಟ್ಯೂಬ್. ಸ್ಪೋಕ್‌ನ ನಿಪ್ಪಲ್‌ಗಳು ರಿಮ್ಮನ್ನು ತೂತು ಮಾಡಿಕೊಂಡು ಬರುವುದರಿಂದ ಗಾಳಿ ನಿಲ್ಲಲ್ಲ, ಅದಕ್ಕೇ ಟ್ಯೂಬ್. ಟೈಗರ್ 900 ಜಿಟಿ ಪ್ರೊದಲ್ಲಿ ಅಲಾಯ್, ಟ್ಯೂಬ್‌ಲೆಸ್. ಮೊಳೆ ಚುಚ್ಚಿದರೆ ಟ್ಯೂಬ್‌ಲೆಸ್‌ನಲ್ಲಿ ಗಾಳಿ ಸಾಮಾನ್ಯವಾಗಿ ಮೆಲ್ಲಗೆ ಇಳಿಯುತ್ತೆ, ಪ್ಲಗ್ ತುರುಕಿ ಪಂಪ್ ಹೊಡೆದರೆ ಹದಿನೈದು ನಿಮಿಷದ ಕೆಲಸ. ಟ್ಯೂಬ್ ಒಡೆದರೆ ಗಾಳಿ ಒಮ್ಮೆಲೇ ಹೋಗಬಹುದು. ಹಿಂದಿನ ಚಕ್ರವಾದರೆ ಗಾಡಿ ಹಾವಿನಂತೆ ಹೊರಳುತ್ತೆ. ಆಗ ಬ್ರೇಕ್ ಒತ್ತದೆ ಥ್ರಾಟಲ್ ಬಿಟ್ಟು ನೇರ ಹಿಡಿದು ನಿಲ್ಲಿಸಬೇಕು.

ಟಿ120 ತಗೊಂಡರೆ ಜೊತೆಯಲ್ಲಿರಬೇಕಾದ್ದು: ಮುಂದಿನ 100/90-18ಕ್ಕೂ ಹಿಂದಿನ 150/70-17ಕ್ಕೂ ಒಂದೊಂದು ಟ್ಯೂಬ್, ಮೂರು ಟೈರ್ ಲಿವರ್, ವಾಲ್ವ್ ಪಿನ್ ತೆಗೆಯೋ ಕೀ, ಪಂಪ್, ನಿಮ್ಮ ಗಾಡಿಯ ಆಕ್ಸಲ್ ನಟ್‌ಗೆ ಕೂರುವ ಸ್ಪ್ಯಾನರ್. ಗಾಡಿಯ ಜೊತೆ ಬರೋ ಟೂಲ್ ನಂಬಬೇಡಿ. ಸೆಂಟರ್ ಸ್ಟ್ಯಾಂಡ್ ಇದರಲ್ಲಿದೆ, ಅದೊಂದು ಪುಣ್ಯ.

ಕೆಲಸದ ಕ್ರಮ: ಗಾಡಿ ನೆಲದ ಮೇಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿ, ಆಮೇಲೆ ಸ್ಟ್ಯಾಂಡ್ ಹಾಕಿ. ಚಕ್ರ ಮುಂದೆ ತಳ್ಳಿ ಚೈನ್ ಇಳಿಸಿ. ಸ್ಪೇಸರ್ (ಆಕ್ಸಲ್ ಮೇಲಿನ ಬಳೆ) ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಫೋಟೊ ತೆಗೆದುಕೊಳ್ಳಿ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ, ಟೈರಿನ ಅಂಚನ್ನು ಸುತ್ತಲೂ ತುಳಿದು ರಿಮ್ಮಿನ ನಡುವಿನ ಹಳ್ಳಕ್ಕೆ ಬೀಳಿಸಿ. ಲಿವರ್ ಹಾಕೋದು ವಾಲ್ವ್ ಹತ್ತಿರದಿಂದ, ವಾಪಸ್ ಕೂರಿಸುವಾಗ ಮುಗಿಸೋದೂ ವಾಲ್ವ್ ಹತ್ತಿರವೇ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಕೈಯಾಡಿಸಿ ಮೊಳೆ ತೆಗೆಯಿರಿ. ಇದನ್ನು ಮರೆತವರ ಹೊಸ ಟ್ಯೂಬ್ ಐದು ನಿಮಿಷಕ್ಕೆ ಹೋಗುತ್ತೆ. ಟ್ಯೂಬಿಗೆ ಸ್ವಲ್ಪ ಗಾಳಿ ತುಂಬಿ ಗುಂಡಗೆ ಮಾಡಿಯೇ ಒಳಗಿಡಿ. ಚಪ್ಪಟೆ ಟ್ಯೂಬನ್ನು ಲಿವರ್ ಕಚ್ಚುತ್ತೆ, ರಸ್ತೆ ಬದಿಯ ರಿಪೇರಿ ಹಾಳಾಗೋದು ಹೆಚ್ಚಾಗಿ ಇಲ್ಲೇ. ಕೊನೆಗೆ ಎರಡೂ ಬದಿಯ ಚೈನ್ ಅಡ್ಜಸ್ಟರ್ ಗುರುತು ಸಮ ಇದೆಯಾ ನೋಡಿ. ಹೊರಡುವ ಮೊದಲು ಹಿಂದಿನ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ.

ಇದನ್ನೆಲ್ಲ ಮಳೆಯಲ್ಲಿ, ಇಬ್ಬರ ಬ್ಯಾಗು ಬಿಚ್ಚಿ ಮಾಡೋಕೆ ತಯಾರಿದ್ದರೆ ಟಿ120 ತಗೊಳ್ಳಿ. ಇಲ್ಲದಿದ್ದರೆ ಟೈಗರ್.

ಗ್ರೀಸುಕೈ:
ಕಡ್ಡಿಚಕ್ರ ಅವರು ಹೇಳಿದ್ದು ಸರಿ, ಆದರೆ ಪಂಕ್ಚರ್ ದಿನಾ ಆಗಲ್ಲ. ದಿನಾ ಕಾಡೋದು ಹಿಂದಿನ ಶಾಕ್.

ಟಿ120ಯ ಅವಳಿ ಶಾಕ್‌ಗೆ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಅನ್ನೋದು) ಒಂದೇ ಹೊಂದಾಣಿಕೆ, ಡ್ಯಾಂಪಿಂಗ್ (ಸ್ಪ್ರಿಂಗಿನ ಕುಪ್ಪಳಿಕೆ ತಡೆಯೋದು) ತಿರುಗಿಸೋಕೆ ಏನೂ ಇಲ್ಲ. ಹಿಂಚಕ್ರದ ಮೇಲೆ-ಕೆಳಗಿನ ಚಲನೆ 120 ಮಿ.ಮೀ. ಪ್ರೀಲೋಡ್ ಕಡಿಮೆ ಇಟ್ಟು ಇಬ್ಬರು ಕೂತರೆ ಹಿಂಭಾಗ ಕುಸಿಯುತ್ತೆ, ಮುಂಚಕ್ರದ ಮೇಲೆ ಭಾರ ಕಡಿಮೆ ಆಗುತ್ತೆ, ತಿರುವಿನಲ್ಲಿ ಗಾಡಿ ಹೊರಗೆ ಎಳೆಯುತ್ತೆ. ರಾತ್ರಿ ಎದುರಿನವರೆಲ್ಲ ಲೈಟ್ ಹೊಡೆದು ಬೈತಾರೆ, ಯಾಕಂದ್ರೆ ಹೆಡ್‌ಲೈಟ್ ಆಕಾಶ ನೋಡ್ತಿರುತ್ತೆ. "ಈ ಗಾಡಿ ಟೂರಿಂಗ್‌ಗೆ ಲಾಯಕ್ಕಿಲ್ಲ" ಅನ್ನುವವರಲ್ಲಿ ಸುಮಾರು ಜನ ಪ್ರೀಲೋಡ್ ರಿಂಗ್ ತಿರುಗಿಸಿಯೇ ಇರಲ್ಲ.

ಅಳತೆ ಸುಲಭ. ಸೆಂಟರ್ ಸ್ಟ್ಯಾಂಡ್ ಮೇಲೆ ಹಿಂಚಕ್ರ ಗಾಳಿಯಲ್ಲಿರುವಾಗ ಆಕ್ಸಲ್‌ನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಒಂದು ಬಿಂದುವಿಗೆ ಟೇಪ್ ಹಿಡಿದು ಬರೆದುಕೊಳ್ಳಿ. ಸ್ಟ್ಯಾಂಡ್ ಇಳಿಸಿ, ಇಬ್ಬರೂ ಹೆಲ್ಮೆಟ್ ಸಮೇತ ಕೂತು, ಬ್ಯಾಗೂ ಕಟ್ಟಿ, ಮೂರನೆಯವರಿಂದ ಮತ್ತೆ ಅಳೆಸಿ. ವ್ಯತ್ಯಾಸ ಚಲನೆಯ ಮೂರನೇ ಒಂದು ಪಾಲು, ಅಂದರೆ 35-40 ಮಿ.ಮೀ. ಬಂದರೆ ಸರಿ. ಜಾಸ್ತಿ ಇದ್ದರೆ ಸಿ-ಸ್ಪ್ಯಾನರ್‌ನಿಂದ ಪ್ರೀಲೋಡ್ ಏರಿಸಿ, ಎರಡೂ ಶಾಕ್‌ಗೆ ಒಂದೇ ಮೆಟ್ಟಿಲು. ಕೊನೆಯ ಮೆಟ್ಟಿಲಿಗೂ ಸಾಲದಿದ್ದರೆ ಸ್ಪ್ರಿಂಗ್ ನಿಮ್ಮ ತೂಕಕ್ಕೆ ಮೆತ್ತಗಾಯ್ತು, ಗಟ್ಟಿ ಸ್ಪ್ರಿಂಗ್ ಹಾಕಿಸಬೇಕು. ಜಿಟಿ ಪ್ರೊದಲ್ಲಿ ಹಿಂದಿನ ಶಾಕ್ ಎಲೆಕ್ಟ್ರಾನಿಕ್, ಬಟನ್‌ನಲ್ಲೇ ಮುಗಿಯುತ್ತೆ. ಆ ಸೋಮಾರಿತನಕ್ಕೂ ಒಂದು ಬೆಲೆ ಇದೆ ಅನ್ನಿ.

ಸರ್ವಿಸ್ ಲೆಕ್ಕ ಬಹಳ ಜನ ತಲೆಕೆಳಗು ಊಹಿಸ್ತಾರೆ. ಟಿ120ಗೆ 16,000 ಕಿ.ಮೀ. ಅಥವಾ ಒಂದು ವರ್ಷ. ಟೂರಿಂಗ್ ಗಾಡಿ ಅನ್ನಿಸಿಕೊಂಡ ಟೈಗರ್ 900ಕ್ಕೆ 10,000. ಚೈನ್ ಎರಡಕ್ಕೂ ಇದೆ. ಟ್ರಯಂಫ್ ಕೈಪಿಡಿಯ ಪ್ರಕಾರ 300 ಕಿ.ಮೀ.ಗೆ ಒಮ್ಮೆ ಎಣ್ಣೆ, 800ಕ್ಕೆ ಒಮ್ಮೆ ಸಡಿಲ ನೋಡೋದು. ನಿಮ್ಮ 500 ಕಿ.ಮೀ. ದಿನಕ್ಕೆ ಅಂದರೆ ಪ್ರತಿ ಸಂಜೆ, ಚೈನ್ ಬಿಸಿ ಇರುವಾಗಲೇ, ಒಳಬದಿಗೆ. ಸವೆತ ನೋಡಲು ಚೈನ್ ಬಿಗಿಯಾಗಿ ಎಳೆದು 20 ಕೊಂಡಿ ಅಳೆಯಿರಿ: ಹೊಸದು 317.5 ಮಿ.ಮೀ. ಎಷ್ಟಕ್ಕೆ ಬದಲಿಸಬೇಕು ಅನ್ನೋ ಮಿತಿ ನಿಮ್ಮ ಮಾಡೆಲ್‌ನ ಕೈಪಿಡಿಯಲ್ಲಿದೆ. ಚೈನೇ ಬೇಡ ಅನ್ನೋದಾದರೆ ಟೈಗರ್ 1200, ಶಾಫ್ಟ್ ಡ್ರೈವ್. ಆದರೆ ಅದು 150 ಪಿಎಸ್, ಜಿಟಿ ಪ್ರೊ 245 ಕೆ.ಜಿ. ಊರೊಳಗೆ ದಿನಾ ತಳ್ಳೋಕೆ ಯೋಚನೆ ಮಾಡಿ.

ನೆತ್ತಿಗಾಳಿ:
ಇನ್ನೊಂದು: ಗಾಳಿ. ಟಿ120ಯಲ್ಲಿ ನೆಟ್ಟಗೆ ಕೂರೋ ಭಂಗಿ, ಎದುರಿಗೆ ಏನೂ ಇಲ್ಲ. 90ರವರೆಗೆ ಹಿತ, 110 ದಾಟಿದರೆ ಎರಡನೇ ಗಂಟೆಗೆ ಕುತ್ತಿಗೆ ಹಿಡಿಯುತ್ತೆ. ಅದಕ್ಕೆ ಸ್ಕ್ರೀನ್ ಹಾಕಿಸಿ ಇನ್ನಷ್ಟು ಹಾಳು ಮಾಡಿಕೊಳ್ಳೋರೂ ಇದ್ದಾರೆ. ಸ್ಕ್ರೀನಿನ ಮೇಲಂಚಿನಿಂದ ಸುಳಿಯುವ ಗಾಳಿ ನೇರ ಹೆಲ್ಮೆಟ್‌ಗೆ ಬಡಿದರೆ ತಲೆ ಗಡಗಡ ಅನ್ನುತ್ತೆ. ಪರೀಕ್ಷೆ: ಖಾಲಿ ನೇರ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ಒಂದಿಷ್ಟು ಎದ್ದು ನೋಡಿ. ಎದ್ದಾಗ ಅಲುಗಾಟ ನಿಂತರೆ ಸ್ಕ್ರೀನ್ ತಗ್ಗಿಸಿ, ಗಾಳಿ ಎದೆಗೆ ಬರಲಿ. ಬಗ್ಗಿದಾಗ ನಿಂತರೆ ಎತ್ತರಿಸಿ. ಟೈಗರ್‌ನಲ್ಲಿ ಒಂದೇ ಕೈಯಲ್ಲಿ ಏರಿಸಿ ಇಳಿಸಬಹುದು.

ಟೈಗರ್ ಬಗ್ಗೆ ಯಾರೂ ಹೇಳದ್ದು ಕಂಪನ. ಅದರ ಟಿ-ಪ್ಲೇನ್ ಕ್ರ್ಯಾಂಕ್‌ನಿಂದಾಗಿ ಮೂರು ಸಿಲಿಂಡರುಗಳು ಸಮವಲ್ಲದ 180, 270, 270 ಡಿಗ್ರಿ ಅಂತರದಲ್ಲಿ ಉರಿಯುತ್ತವೆ. ದನಿಗೂ ಹಿಡಿತಕ್ಕೂ ಒಳ್ಳೇದು, ಆದರೆ ಮೇಲಿನ ಆರ್‌ಪಿಎಂನಲ್ಲಿ ಅಂಗೈ ಜುಮ್ಮೆನ್ನುತ್ತೆ. 2024ರಲ್ಲಿ ಹ್ಯಾಂಡಲ್‌ಗೆ ಕಂಪನ ತಡೆಯೋ ಮೌಂಟ್ ಕೊಟ್ಟರು. ಹಳೇ 95 ಪಿಎಸ್ ಮಾಡೆಲ್ ಓಡಿಸಿ ತೀರ್ಮಾನ ಮಾಡಬೇಡಿ. ಸೀಟಿನ ಎತ್ತರವೂ ನೋಡಿ: ಟಿ120 790 ಮಿ.ಮೀ., ಟೈಗರ್ ಜಿಟಿ ಪ್ರೊ 820 ಅಥವಾ 840. ಲೋಡ್ ಸಮೇತ ನಿಲ್ಲಿಸುವಾಗ ಆ 30 ಮಿ.ಮೀ. ಕಾಲಿಗೆ ಗೊತ್ತಾಗುತ್ತೆ.

ರಾತ್ರಿಸವಾರ:
ಎಲ್ಲರಿಗೂ ಥ್ಯಾಂಕ್ಸ್. ಶಾಕ್, ಗಾಳಿ ಎರಡೂ ಸರಿಮಾಡಿಕೊಳ್ಳಬಹುದು ಅನ್ನಿಸಿತು, ಟ್ಯೂಬ್ ಮಾತ್ರ ಅಡ್ಡ ಬರ್ತಿದೆ. ಟಿ120ಯ ಸ್ಪೋಕ್ ರಿಮ್ಮನ್ನೇ ಒಳಗಿಂದ ಸೀಲ್ ಮಾಡಿ ಟ್ಯೂಬ್‌ಲೆಸ್ ಮಾಡಿಸಬಹುದಾ?

ಕಡ್ಡಿಚಕ್ರ:
ಟೇಪ್, ಸೀಲಂಟ್ ಹಾಕಿ ಮಾಡೋರಿದ್ದಾರೆ, ನನ್ನ ಮಟ್ಟಿಗೆ ಬೇಡ. ಗಾಳಿ ಸೋರುವುದಷ್ಟೇ ತೊಂದರೆಯಲ್ಲ. ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಟೈರಿನ ಅಂಚನ್ನು ಹಿಡಿದಿಡುವ ಒಂದು ಏಣು ಇರುತ್ತೆ. ಟ್ಯೂಬಿಗಾಗಿ ಮಾಡಿದ ರಿಮ್ಮಿನಲ್ಲಿ ಅದು ಇಲ್ಲದಿದ್ದರೆ ಗಾಳಿ ಇಳಿದಾಗ ಟೈರು ಹಳ್ಳಕ್ಕೆ ಜಾರುತ್ತೆ, ಹಿಂದೆ ಒಬ್ಬರು ಕೂತಿರುವಾಗ ಅದು ಆಗಬಾರದು. ಸ್ಪೋಕ್ ಬಿಗಿ ಮಾಡಿದಾಗೆಲ್ಲ ಸೀಲ್ ಬಿಡುವ ಭಯವೂ ಇದೆ.

ಸ್ಪೋಕೂ ಬೇಕು, ಟ್ಯೂಬ್‌ಲೆಸ್ಸೂ ಬೇಕು ಅಂದರೆ ಕಾರ್ಖಾನೆಯಿಂದಲೇ ಹಾಗೆ ಬರೋದು ಇದೆ: ಹಳೇ ನೋಟಕ್ಕೆ ಸ್ಕ್ರ್ಯಾಂಬ್ಲರ್ 1200 ಎಕ್ಸ್‌ಇ, ಟೂರಿಂಗ್‌ಗೆ ಟೈಗರ್ 900 ರ‍್ಯಾಲಿ ಪ್ರೊ. ಎರಡಕ್ಕೂ ಮುಂಚಕ್ರ 21 ಇಂಚು, ಸೀಟು ಎತ್ತರ. ಡಾಂಬರಿಗೆ ಅಷ್ಟು ಬೇಕಿಲ್ಲ. ಇಲ್ಲವಾದರೆ ಟಿ120ಯ ಹಬ್‌ಗೆ ಕೂರುವ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವನ್ನೇ ಜೋಡಿಯಾಗಿ ಕೊಳ್ಳಬೇಕು. ಆಗ ಎಬಿಎಸ್ ರಿಂಗ್ (ಚಕ್ರದ ವೇಗ ಓದೋಕೆ ಇರುವ ಬಳೆ), ಡಿಸ್ಕ್ ಬೋಲ್ಟ್, ಸ್ಪ್ರಾಕೆಟ್ ಕ್ಯಾರಿಯರ್ (ಚೈನಿನ ಹಲ್ಲುಚಕ್ರ ಕೂರೋ ಭಾಗ) ಮೂರೂ ಹೊಂದುತ್ತಾ ಅಂತ ಮೊದಲೇ ಕೇಳಿ.