ಬುಲೆಟ್‌ಗೆ ವೈಡ್‌ಬ್ಯಾಂಡ್ ಸೆನ್ಸರ್: ಪ್ಲಗ್ ಕಪ್ಪು, ಗೇಜ್‌ನಲ್ಲಿ ಮಾತ್ರ 16.5

ಪ್ರಶ್ನೆ, ಶಿವಮೊಗ್ಗದಿಂದ

ನನ್ನದು ಅಪ್ಪ ಓಡಿಸುತ್ತಿದ್ದ 1998ರ ಬುಲೆಟ್ 350. ಸೈಲೆನ್ಸರ್ ಬದಲಿಸಿದ ಮೇಲೆ ಅಂದಾಜಿನಲ್ಲಿ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ತೂತಿನ ತುಣುಕು) ಕೂರಿಸಲು ಮನಸ್ಸು ಬರಲಿಲ್ಲ. ನಾಲ್ಕು ತಿಂಗಳು ಹಣ ಕೂಡಿಸಿ ಹೊಗೆಯಿಂದ ಗಾಳಿ-ಪೆಟ್ರೋಲ್ ಅನುಪಾತ ಹೇಳುವ ಬಾಷ್ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಸೆನ್ಸರನ್ನೂ ಅದನ್ನು ತೋರಿಸುವ ಗೇಜನ್ನೂ ತಂದು, ಎಂಜಿನ್‌ನಿಂದ ಹೊಗೆ ಒಯ್ಯುವ ಬೆಂಡ್ ಪೈಪಿನ ಕೆಳಬದಿಗೆ ಸೆನ್ಸರ್ ಕೂರಿಸಲು 18 ಮಿ.ಮೀ. ನಟ್ಟು ವೆಲ್ಡ್ ಮಾಡಿಸಿದೆ.

60 ಕಿ.ಮೀ. ವೇಗದಲ್ಲಿ ಗೇಜ್ 13.8ರ ಸುತ್ತ ನಿಲ್ಲುತ್ತದೆ. ಐಡಲ್‌ಗೆ ಬಂದರೆ 16.5, ಅಂದರೆ ತೀರಾ ಲೀನ್: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಆದರೆ ಪ್ಲಗ್ ಬಿಚ್ಚಿದರೆ ಬಾಣಲೆಯ ತಳದ ಮಸಿಯಂತೆ ಒಣ ಕಪ್ಪು, ಅಂದರೆ ಪೆಟ್ರೋಲ್ ಹೆಚ್ಚು. ಪೆಟ್ರೋಲ್ ವಾಸನೆಗೆ ಕಣ್ಣು ಉರಿಯುತ್ತದೆ. ಗೇಜನ್ನು ನಂಬಿ, ಗಾಳಿ ಕಡಿಮೆ ಮಾಡಲು ಏರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತ ಹೋದೆ. ಹೊಗೆ ಹೆಚ್ಚಾಯಿತೇ ಹೊರತು ಸಂಖ್ಯೆ ಇಳಿಯಲಿಲ್ಲ. ಯಾವುದನ್ನು ನಂಬಲಿ?

ಉತ್ತರ 1

ಐಡಲ್‌ನಲ್ಲಿ ಪ್ಲಗ್ಗನ್ನು ನಂಬಿ ಸರ್. ಸೆನ್ಸರ್ ಪೆಟ್ರೋಲನ್ನು ನೇರವಾಗಿ ನೋಡುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕದಿಂದ ಲೆಕ್ಕ ಹಾಕುತ್ತದೆ. ಒಂದೇ ಸಿಲಿಂಡರ್‌ನ ಎಂಜಿನ್ ನಿಧಾನವಾಗಿ ತಿರುಗುವಾಗ ಪ್ರತಿ ಹೊಡೆತದ ಹಿಂದೆಯೇ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿಯುತ್ತದೆ. ಆಗ ಸಂದಿ ಎಲ್ಲಿದ್ದರೂ ಹೊರಗಾಳಿ ಒಳಗೆ ನುಗ್ಗುತ್ತದೆ. ವೇಗ ಹೆಚ್ಚಿದಾಗ ಹೊಗೆಯೇ ಅಷ್ಟಿರುವುದರಿಂದ ಈ ಗಾಳಿ ಲೆಕ್ಕಕ್ಕೆ ಬರುವುದಿಲ್ಲ.

ಪೆಟ್ರೋಲ್ ಹೆಚ್ಚಾದ್ದರಿಂದ ಮಿಸ್‌ಫೈರ್ ಆದರೂ, ಅಂದರೆ ಮಿಶ್ರಣ ಹೊತ್ತಿಕೊಳ್ಳದೇ ಹೋದರೂ, ಇದೇ ಕಥೆ: ಉರಿಯದ ಆಮ್ಲಜನಕ ಹಾಗೆಯೇ ಹೊರಬಂದು ಗೇಜ್ ಲೀನ್ ತೋರಿಸುತ್ತದೆ. ಸ್ಕ್ರೂ ಮುಟ್ಟುವ ಮೊದಲು, ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ದಪ್ಪ ಬಟ್ಟೆಯನ್ನು ಅರೆಬರೆ ಒತ್ತಿ ಹಿಡಿದು, ಹೆಡ್ ಮತ್ತು ಬೆಂಡ್ ಪೈಪ್ ಸೇರುವಲ್ಲಿ ಸೋಪಿನ ನೀರು ಹಚ್ಚಿ.

ಉತ್ತರ 2

ದಯವಿಟ್ಟು ಸೆನ್ಸರನ್ನು ಕೆಳಬದಿಯಿಂದ ತೆಗೆಯಿರಿ. ಬೆಳಗಿನ ತಂಪಿನಲ್ಲಿ ಪೈಪಿನೊಳಗೆ ನೀರು ಕಟ್ಟುತ್ತದೆ. ಸುಮಾರು 780 ಡಿಗ್ರಿಗೆ ಕಾದ ಸೆರಾಮಿಕ್ ಮೇಲೆ ಅದು ಬಿದ್ದರೆ ಬಿರುಕು ಬಿಡುತ್ತದೆ. ಪೈಪಿನ ಮೇಲರ್ಧದಲ್ಲಿ, ತುದಿ ಕೆಳಮುಖವಾಗಿ ಓರೆಯಾಗಿರಲಿ. ವೈರ್ ಕಿತ್ತಿಟ್ಟು ಗಾಡಿ ಓಡಿಸಬೇಡಿ. ಒಳಗಿನ ಹೀಟರ್ ನಿಂತ ಸೆನ್ಸರ್‌ಗೆ ಮಸಿ ಮೆತ್ತಿಕೊಳ್ಳುತ್ತದೆ. ನನ್ನ ಮೊದಲ ಸೆನ್ಸರ್ ಹಾಗೆಯೇ ಹಾಳಾಯಿತು.

ಇನ್ನೊಂದು ಮಾತು. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದ ಅನುಪಾತ ಸುಮಾರು 13.5. ಆದರೂ ಎಥೆನಾಲ್ ಇಲ್ಲದ ಪೆಟ್ರೋಲ್ ಸ್ಕೇಲಿನ ಗೇಜ್ ಆ ಬಿಂದುವಿನಲ್ಲಿ 14.7 ಎಂದೇ ತೋರಿಸುತ್ತದೆ. ಗೊಂದಲವೇ ಬೇಡವೆಂದರೆ ಗೇಜನ್ನು ಲ್ಯಾಂಬ್ಡಾಕ್ಕೆ (ಪೂರ್ತಿ ಉರಿಯಲು ಬೇಕಾದ ಗಾಳಿಯ ಎಷ್ಟು ಪಟ್ಟು ಇದೆ ಎಂಬ ಅಳತೆಗೆ) ಬದಲಿಸಿ: ಯಾವ ಪೆಟ್ರೋಲ್ ಆದರೂ ಆ ಬಿಂದು 1.00. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ನಾನು 0.86ರ ಆಸುಪಾಸಿಗೆ ತರುತ್ತೇನೆ. ಗಾಳಿಯಿಂದ ತಣಿಯುವ ಎಂಜಿನ್, ಅದಕ್ಕಿಂತ ಲೀನ್ ಮಾಡುವ ಧೈರ್ಯ ನನಗಿಲ್ಲ.

ಪ್ರಶ್ನೆ ಕೇಳಿದವನಿಂದ

ಸಂದಿ ಸಿಕ್ಕಿತು! ಹೆಡ್ಡಿನ ಬುಡದಲ್ಲಿ ಸೋಪಿನ ನೀರು ನೊರೆನೊರೆಯಾಗಿ ಉಕ್ಕಿತು. ಕೆಳಗೆ ಎಳೆಯಷ್ಟು ತೆಳುವಾದ ಮಸಿಯ ಗೆರೆಯೂ ಇತ್ತು. ಇಷ್ಟು ದಿನ ಅದನ್ನು ಆಯಿಲ್ ಕಲೆ ಎಂದುಕೊಂಡಿದ್ದೆ. ಪೈಪ್ ಬಿಚ್ಚಿ, ಬಾಯಿ ಉಜ್ಜಿ, ಶಾಖ ತಡೆಯುವ ಪೇಸ್ಟ್ ಹಚ್ಚಿ ಕೂರಿಸಿದೆ. ಸೆನ್ಸರನ್ನೂ ಮೇಲ್ಬದಿಗೆ ತಂದೆ, ಹಳೆಯ ತೂತು ಮುಚ್ಚಿಸಿದೆ.

ಸ್ಟಾರ್ಟ್ ಮಾಡಿ ಬಿಸಿಯಾಗಲು ಬಿಟ್ಟ ಮೇಲೆ ಐಡಲ್‌ನಲ್ಲಿ 11.2 ಬಂತು. ನಾನೇ ಒಳಗೆ ತಿರುಗಿಸಿದ್ದ ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಹೊರಕ್ಕೆ ತಂದೆ. 13.3ಕ್ಕೆ ಬಂದಾಗ ಅಪ್ಪನ ಕಾಲದ ಆ ನಿಧಾನದ ಧುಗುಧುಗು ಮರಳಿತು. ಈ ಭಾನುವಾರ ತೀರ್ಥಹಳ್ಳಿ ರಸ್ತೆಯಲ್ಲಿ ಮೇನ್ ಜೆಟ್ ನೋಡುತ್ತೇನೆ, ಲ್ಯಾಂಬ್ಡಾದಲ್ಲಿಯೇ.