ಹಳೇ 9.9 ಔಟ್‌ಬೋರ್ಡ್, ಫುಲ್ ರೇಸಲ್ಲಿ ಕುಗ್ತದೆ: ರಿಪೇರಿಯಾ, ಮಾರೋದಾ?

ಗಂಗೊಳ್ಳಿಯಿಂದ ಪ್ರಶ್ನೆ:
ನಾಡದೋಣಿಯ ಹಿಂಬದಿಗೆ ಕಟ್ಟುವ ಸೆಕೆಂಡ್ ಹ್ಯಾಂಡ್ 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಉಂಟು. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸೋದು. ಹೊಳೆಯಲ್ಲಿ ಸಮ ಓಡ್ತದೆ. ಅಳಿವೆ ದಾಟಿ ಫುಲ್ ರೇಸ್ ಕೊಟ್ರೆ ಸ್ವಲ್ಪ ಹೊತ್ತಿಗೆ ಕುಗ್ತದೆ, ಇಳಿಸಿದ್ರೆ ಮತ್ತೆ ಸರಿ. ಬಿಸಿ ಇದ್ದಾಗ ಬಂದ್ ಆದ್ರೆ ಹಗ್ಗ ಎಳೆದು ಎಳೆದು ಕೈ ಸೋಲ್ತದೆ. ಪ್ಲಗ್ ಹೊಸದು, ಕಾರ್ಬೊರೇಟರ್ ತೊಳೆಸಿ ಆಗಿದೆ. ಅನುಭವ ಇದ್ದವರು ಹೇಳಿ, ಇದಕ್ಕೆ ಇನ್ನೂ ದುಡ್ಡು ಹಾಕೋದಾ, ಮಾರಿ ಬಿಡೋದಾ?

ಮರವಂತೆ:
ಕಾರ್ಬೊರೇಟರ್ ಅಂತ ಹೇಳಿ ಹೇಳಿಯೇ ನನ್ನ ಇಂಜಿನ್ ಹಾಳು ಮಾಡಿದ್ದು. ಮೊದಲು ತೊಳೆಯೋಕೆ 600 ತಗೊಂಡ. ಆಮೇಲೆ ಕಿಟ್ ಅಂತ 1,900. ಅದಾದ ಮೇಲೆ ಫ್ಲೋಟ್ ಸರಿ ಇಲ್ಲ ಅಂತ 750. ಪ್ರತಿ ಸಲ ದಡದಲ್ಲಿ ಡ್ರಮ್ಮಿನ ನೀರಲ್ಲಿ ಓಡಿಸಿ ತೋರಿಸೋದು, ಕಡಲಿಗೆ ಹೋದ ಕೂಡ್ಲೆ ಅದೇ ಹಾಡು. ಡ್ರಮ್ಮಲ್ಲಿ ಲೋಡ್ ಎಲ್ಲಿಂದ ಬರ್ಬೇಕು? ಕೊನೆಗೆ ನನ್ನ ಭಾವ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ತಂದು ಹಾಕಿ ನೋಡಿದ್ರು. ಎರಡು ಸಿಲಿಂಡರೂ ಹತ್ತಿರ ಹತ್ತಿರ ಒಂದೇ ತೋರಿಸ್ಬೇಕು. ನಂದು ಕೆಳಗಿನದ್ದು ಕಾಲು ಭಾಗ ಕಮ್ಮಿ. ಅದರ ಪ್ಲಗ್ ಬಿಚ್ಚಿದ್ರೆ ಮಸಿಯೇ ಇಲ್ಲ, ತೊಳೆದಿಟ್ಟ ಹಾಗೆ ಬಿಳಿ. ಹೆಡ್ ಗ್ಯಾಸ್ಕೆಟ್ ಉಪ್ಪು ತಿಂದು ನೀರು ಒಳಗೆ ಹೋಗ್ತಾ ಇತ್ತು. ಗ್ಯಾಸ್ಕೆಟ್ 1,400, ಹೆಡ್ ಉಜ್ಜಿಸಿದ್ದು 800, ಕೂಲಿ 1,500, ಮುರಿದ ಬೋಲ್ಟ್ ತೆಗೆಯೋಕೆ ಲೇತಿನವನಿಗೆ 1,200. ಮೊದಲ ದಿನವೇ ಗೇಜ್ ಹಾಕಿದ್ರೆ ಆ 3,250 ಉಳೀತಿತ್ತು. ಮಿಸ್ತ್ರಿಗಳ ಹತ್ತಿರ ಗೇಜ್ ಇಲ್ಲವಾ ಕೇಳಿ, ಇಲ್ಲ ಅಂದ್ರೆ ಎದ್ದು ಬನ್ನಿ.

ಮಲ್ಪೆ, ಇಂಜಿನ್ ಕೆಲಸ:
ಎಲ್ಲ ಮಿಸ್ತ್ರಿಗಳನ್ನು ಒಂದೇ ತಕ್ಕಡಿಗೆ ಹಾಕ್ಬೇಡಿ. ನಮ್ಮ ಹತ್ರ ಬರುವಾಗ ಇಂಜಿನ್ ಯಾವ ಸ್ಥಿತಿಯಲ್ಲಿರ್ತದೆ ಅಂತ ನಾನು ಹೇಳ್ತೇನೆ. ಮಳೆಗಾಲ ಇಡೀ ಟಾರ್ಪಾಲಿನ ಅಡಿ ಬಿದ್ದಿರ್ತದೆ, ಸಿಹಿನೀರು ಒಂದು ದಿನ ಕಂಡಿರೋದಿಲ್ಲ. ಕಡಲಿಂದ ಬಂದವರು ಸೀಮೆಎಣ್ಣೆಯಲ್ಲೇ ಬಂದ್ ಮಾಡ್ತಾರೆ. ದಡ ಸೇರುವ ಮೊದಲು ಪೆಟ್ರೋಲಿಗೆ ತಿರುಗಿಸಿ ಕಾರ್ಬೊರೇಟರಲ್ಲಿದ್ದ ಸೀಮೆಎಣ್ಣೆ ಸುಡಿಸ್ಬೇಕು, ಇಲ್ಲಾಂದ್ರೆ ಮರುದಿನ ಎಳೆದ್ರೆ ಎಲ್ಲಿಂದ ಹಿಡಿಯಬೇಕು? ಪ್ಲಗ್ ಹೊಸದು ಅಂತೀರಿ, ಯಾವುದು? ಎನ್‌ಜಿಕೆ ಬಿ7ಎಚ್‌ಎಸ್-10 ಇರುವ ಇಂಜಿನಿಗೆ ಕೈಗೆ ಸಿಕ್ಕಿದ ಪ್ಲಗ್ ಹಾಕ್ಕೊಂಡು ಬರ್ತಾರೆ. ಆ 10 ಅಂದ್ರೆ ಗ್ಯಾಪ್ ಒಂದು ಮಿಲಿಮೀಟರ್. ಪೇಟೆಯಲ್ಲಿ ಅದೇ ಡಬ್ಬಿಯಲ್ಲಿ ಡೂಪ್ಲಿಕೇಟ್ ಕೂಡ ಬರ್ತದೆ.

ಬಿಸಿ ಆದಾಗ ಸ್ಟಾರ್ಟ್ ಆಗೋದಿಲ್ಲ ಅಂದ್ರೆ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಕೂಡ ನೋಡ್ಬೇಕು. ತಣ್ಣಗಿದ್ದಾಗ ಕಿಡಿ ಚೆನ್ನಾಗಿರ್ತದೆ, ಕಾದ ಮೇಲೆ ಒಳಗಿನ ತಂತಿ ಬಿಟ್ಕೊಳ್ತದೆ. ಹಾಗಾದ್ರೆ ತಣ್ಣಗಾಗುವವರೆಗೆ ಜಪ್ಪಯ್ಯ ಅಂದ್ರೂ ಹಿಡಿಯೋದಿಲ್ಲ.

ಮರವಂತೆ:
ನಾನು ದಿನಾ ಪೆಟ್ರೋಲಿಗೆ ತಿರುಗಿಸಿಯೇ ಬಂದ್ ಮಾಡೋದು. ಸಿಹಿನೀರಲ್ಲಿ ಓಡಿಸ್ತೇನೆ. 3,250 ವಾಪಸ್ ಕೊಡಿಸ್ತೀರಾ?

ಕಾಸರಕೋಡ, ಹೊನ್ನಾವರ:
ಇಂಜಿನ್ ತಂಪು ಮಾಡುವ ನೀರು ನೋಡಿ, ನೀರು. ಶರಾವತಿ ಅಳಿವೆಯಲ್ಲಿ ಮರಳು ಎಷ್ಟು ಅಂತ ನಮಗೇ ಗೊತ್ತು. ಇಳಿತದಲ್ಲಿ ತೇಲಿಸ್ಕೊಂಡು ಬರುವಾಗ ಇಂಜಿನ್ ಮರಳನ್ನೇ ಕುಡೀತದೆ. ನೀರಿನ ಪಂಪಿನ ರಬ್ಬರ್ ಚಕ್ರ, ಅಂದ್ರೆ ಇಂಪೆಲ್ಲರಿನ ರೆಕ್ಕೆ ಒಂದೇ ಕಡೆ ಬಾಗಿ ಗಟ್ಟಿಯಾಗಿ ಹೋಗ್ತದೆ. ಹಿಂದೆ ಹಾರುವ ನೀರಿನ ಎಳೆ ಹೊಳೆಯಲ್ಲಿ ಸರಿ ಕಾಣ್ತದೆ, ಫುಲ್ ರೇಸಲ್ಲಿ ಸಾಲೋದಿಲ್ಲ. ನಮ್ಮದಕ್ಕೆ ರಬ್ಬರ್ ಬರೀ 350ರ ಡೂಪ್ಲಿಕೇಟ್ ಹಾಕಿಕೊಟ್ಟಿದ್ದರು, ಒಂದು ಸೀಸನ್ ಬರಲಿಲ್ಲ. ಪಿಸ್ಟನ್ ಹಿಡಿದು ಬೋರ್ ಮಾಡಿಸಿ ರಿಂಗ್, ಬೇರಿಂಗ್, ಸೀಲ್ ಎಲ್ಲ ಸೇರಿ 18,700 ಆಯ್ತು. ಅದೂ ಬಂಗುಡೆ ಬೀಳುವ ಹೊತ್ತಲ್ಲಿ ದೋಣಿ ದಡದ ಮೇಲೆ. ಆ ನಷ್ಟ ಯಾರು ಲೆಕ್ಕ ಹಾಕ್ತಾರೆ? ನೀರಿನ ಬಿಸಿ ನೋಡಿ ತೆರೆಯುವ ಥರ್ಮೋಸ್ಟಾಟ್ ಬಿಚ್ಚಿ, ಸುತ್ತ ಉಪ್ಪು ಕಲ್ಲಾಗಿ ಕೂತಿರ್ತದೆ.

ಹೆಜಮಾಡಿ:
ಮೂಲ ರೋಗ ಸೀಮೆಎಣ್ಣೆ. ನಾನು ಬಿಟ್ಟೆ, ಬರೀ ಪೆಟ್ರೋಲ್, ಆಯಿಲ್ 50ಕ್ಕೆ 1. ಹೊಗೆ ಇಲ್ಲ, ಸೈಲೆನ್ಸರ್ ಕಡೆ ಮಸಿ ಕಟ್ಟೋದಿಲ್ಲ, ಒಂದೇ ಎಳೆತಕ್ಕೆ ಸ್ಟಾರ್ಟ್. ಸೀಮೆಎಣ್ಣೆಯವರು ಪಿಸ್ಟನ್ ತಲೆ ಕೆರೆಯೋದರಲ್ಲೇ ಆಯುಷ್ಯ ಕಳೀತಾರೆ.

ಮರವಂತೆ:
ಪೆಟ್ರೋಲಿಗೆ ಲೀಟರಿಗೆ 100 ದಾಟಿದೆ. ಫುಲ್ ರೇಸಲ್ಲಿ 9.9 ಗಂಟೆಗೆ ನಾಲ್ಕೈದು ಲೀಟರ್ ಕುಡೀತದೆ. ಬರೀ ಹೋಗಿ ಬರೋಕೆ ಎಷ್ಟಾಯ್ತು ಲೆಕ್ಕ ಹಾಕಿ. ಬಲೆಯಲ್ಲಿ ಏನೂ ಬೀಳದ ದಿನ ಅದನ್ನು ಯಾರು ಕೊಡ್ತಾರೆ? ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಬರ್ಲಿ ಅಂತ ನಾವು ರಸ್ತೆಗೆ ಇಳಿದು ಕೇಳ್ತಾ ಇದ್ದೇವೆ, ನೀವು ಸೀಮೆಎಣ್ಣೆಯೇ ಬೇಡ ಅಂತೀರಿ.

ಹೆಜಮಾಡಿ:
ಸಮಯಕ್ಕೆ ಬಂದದ್ದು ಯಾವಾಗ? ಸೀಸನ್ ಮುಗಿದ ಮೇಲೆ ಬರ್ತದೆ. ಅಷ್ಟರೊಳಗೆ ಕಾಳಸಂತೆಯಲ್ಲಿ ತಗೊಂಡು, ಅದರಲ್ಲಿ ಏನು ಬೆರೆಸಿದ್ದಾರೋ ದೇವರಿಗೇ ಗೊತ್ತು, ಅದನ್ನು ಇಂಜಿನಿಗೆ ಹಾಕೋದು.

ಬೇಲೆಕೇರಿ:
ನಮ್ಮ ಮನೆಯ ದೋಣಿ ಲೆಕ್ಕ ಬರೆಯುವವಳು ನಾನು. ಪೆಟ್ರೋಲಿನವರು ಒಂದು ವಿಷಯ ಹೇಳೋದೇ ಇಲ್ಲ. ಈಗ ಪಂಪಿನಲ್ಲಿ ಸಿಗೋದು ಇ20, ನೂರರಲ್ಲಿ ಇಪ್ಪತ್ತು ಪಾಲು ಎಥನಾಲ್. ಕಡಲ ಗಾಳಿಯಲ್ಲಿ ಅದು ತೇವ ಎಳ್ಕೊಳ್ತದೆ, ಟ್ಯಾಂಕ್ ಬಹಳ ದಿನ ಇಟ್ರೆ ತಳದಲ್ಲಿ ನೀರಿನ ಹಾಗೆ ಬೇರೆಯಾಗಿ ನಿಲ್ತದೆ. ಟ್ಯಾಂಕಿಂದ ಇಂಜಿನಿಗೆ ಎಣ್ಣೆ ಬರುವ ಹಳೇ ಹೋಸಿನ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ನಮ್ಮದರ ಹೋಸನ್ನು ಉದ್ದಕ್ಕೆ ಕೊಯ್ದು ನೋಡಿದ್ದೇನೆ. ಹೊರಗಿನಿಂದ ಹೊಸದರ ಹಾಗೆ, ಒಳಗಿನ ಪದರ ಬಿಟ್ಟು ಸಿಪ್ಪೆಯಾಗಿ ನೇತಾಡ್ತಿತ್ತು. ನಿಧಾನ ಓಡುವಾಗ ಎಣ್ಣೆ ಪಕ್ಕದಿಂದ ಹೋಗ್ತದೆ, ಜೋರು ಎಳೆದಾಗ ಆ ಸಿಪ್ಪೆ ಮಡಚಿ ದಾರಿ ಮುಚ್ಚುತ್ತದೆ. ಹೋಸ್, ಅದರ ನಡುವೆ ಕೈಯಲ್ಲಿ ಒತ್ತಿ ಎಣ್ಣೆ ಕಳಿಸುವ ರಬ್ಬರ್ ಬಲ್ಬ್, ಎರಡು ಕನೆಕ್ಟರ್ ಸೇರಿ 2,150. ಅದಕ್ಕೂ ಮೊದಲು ಸುಮ್ಮನೆ ಬದಲಾಯಿಸಿದ ಸಿಡಿಐ, ಅಂದ್ರೆ ಕಿಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ, 8,600, ಹಳೇದು ಸರಿಯಿತ್ತು, ಈಗ ಕಪಾಟಿನಲ್ಲಿದೆ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ಮಲ್ಪೆ, ಇಂಜಿನ್ ಕೆಲಸ:
ಇವರು ಹೇಳಿದ್ದು ಸರಿ ಉಂಟು. ಕುಗ್ಗುವಾಗ ಒಬ್ಬರು ಬಲ್ಬ್ ಒತ್ತಿ ನೋಡ್ಲಿ. ಒತ್ತಿದ ಕೂಡ್ಲೆ ಎತ್ತಿಕೊಂಡ್ರೆ ಎಣ್ಣೆ ಬರುವ ದಾರಿಯದ್ದೇ ತೊಂದರೆ: ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ, ಹೋಸ್, ಕನೆಕ್ಟರಿನ ಓ ರಿಂಗ್, ಎಣ್ಣೆ ಪಂಪಿನ ಒಳಗಿನ ತೆಳು ಪೊರೆ, ಡಯಾಫ್ರಾಮ್. ಒತ್ತಿದ್ರೂ ಬದಲಾವಣೆ ಇಲ್ಲ ಅಂದ್ರೆ ಕಿಡಿ, ಕಂಪ್ರೆಷನ್ ಕಡೆ ಹೋಗಿ.

ಕಾರವಾರ:
ಹಳೇದನ್ನು ಮಾರಿ ಫೋರ್ ಸ್ಟ್ರೋಕ್ ತಗೊಳ್ಳಿ. ನಾನು ತಗೊಂಡೆ, ಎಣ್ಣೆ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿದಿದೆ. ಆಯಿಲ್ ಬೆರೆಸುವ ರಗಳೆಯೂ ಇಲ್ಲ.

ಕಾಸರಕೋಡ, ಹೊನ್ನಾವರ:
ಬಂದರಿನ ಒಳಗೆ ಓಡಿಸುವವರಿಗೆ ಅದು ಸರಿ. ಅಳಿವೆ ಬಾಯಲ್ಲಿ ದೋಣಿ ಮಗುಚಿ ಇಂಜಿನ್ ಮುಳುಗಿದ್ರೆ ಏನು ಮಾಡ್ತೀರಿ? ನಮ್ಮ ಟೂ ಸ್ಟ್ರೋಕ್ ಮುಳುಗಿದಾಗ ಅದೇ ದಿನ ಪ್ಲಗ್ ಬಿಚ್ಚಿ ನೀರು ಹೊಡೆದು, ಸಿಹಿನೀರಲ್ಲಿ ತೊಳೆದು, ಆಯಿಲ್ ಬಿಟ್ಟು ಸಂಜೆಯೊಳಗೆ ಓಡಿಸಿದ್ದೇವೆ. ರಾತ್ರಿ ಬಿಟ್ಟಿದ್ರೆ ಬೇರಿಂಗ್ ತುಕ್ಕು ಹಿಡಿದು ಮುಗೀತು. ಫೋರ್ ಸ್ಟ್ರೋಕಿನಲ್ಲಿ ಉಪ್ಪುನೀರು ತಳದ ಆಯಿಲ್ ತೊಟ್ಟಿಗೆ ಹೋದ್ರೆ ದಡದ ಮೇಲೆ ಕೂತು ಅಷ್ಟು ಸುಲಭದಲ್ಲಿ ಆಗೋದಿಲ್ಲ.

ಕಾರವಾರ:
ಮಗುಚಿಸೋದನ್ನೇ ಲೆಕ್ಕ ಹಾಕಿ ಇಂಜಿನ್ ತಗೊಳ್ತಾರಾ?

ಕಾಸರಕೋಡ, ಹೊನ್ನಾವರ:
ಮಳೆಗಾಲದಲ್ಲಿ ಹೋಗುವವರು ಹೌದು, ಅದನ್ನೇ ಲೆಕ್ಕ ಹಾಕ್ತೇವೆ. ಮನೆಯಲ್ಲಿ ಕಾಯುವವರಿದ್ದಾರೆ.

ಉಪ್ಪುಂದ:
9.9 ಮತ್ತು 15, ಯಮಹಾ ಟೂ ಸ್ಟ್ರೋಕಲ್ಲಿ ಎರಡಕ್ಕೂ ಬ್ಲಾಕ್ ಒಂದೇ, 246 ಸಿಸಿ. 15ರ ಕಾರ್ಬೊರೇಟರ್ ಹಾಕಿಸಿ, ಕುಗ್ಗೋದೆಲ್ಲ ನಿಲ್ತದೆ.

ಮರವಂತೆ:
ಹ್ವಾಯ್, ಎಂತ ಬುದ್ಧಿ ಹೇಳ್ತ್ರಿ? ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ನಾಡದೋಣಿಗೆ ಬಿಟ್ಟಿರುವುದೇ 10 ಎಚ್‌ಪಿ ಒಳಗಿನ ಇಂಜಿನಿಗೆ. ನಿಮ್ಮಂಥವರು ಮೇಲೆ 9.9 ಸ್ಟಿಕ್ಕರ್, ಒಳಗೆ 15 ಮಾಡಿದ್ರಿಂದಲೇ ನಾಳೆ ಎಲ್ಲರದ್ದೂ ಬಿಚ್ಚಿ ನೋಡುವ ಕಾಲ ಬರ್ತದೆ. ಹೊಟ್ಟೆಪಾಡು ನಮ್ಮದೂ ಉಂಟು.

ಉಪ್ಪುಂದ:
ಕಾನೂನು ಪಾಠ ಬೇಡ. ಅವರು ಇಂಜಿನ್ ಬಗ್ಗೆ ಕೇಳಿದ್ದು.

ಗಂಗೊಳ್ಳಿಯಿಂದ:
ಇವತ್ತು ಹೋಗಿದ್ದೆವು. ಕುಗ್ಗಿದಾಗ ತಮ್ಮ ಬಲ್ಬ್ ಒತ್ತಿದ, ಕೂಡ್ಲೆ ಎತ್ತಿಕೊಂಡಿತು, ಬಿಟ್ಟ ಮೇಲೆ ಮತ್ತೆ ಕುಗ್ಗಿತು. ಗಾಳಿ ಸ್ಕ್ರೂ ತೆರೆದೇ ಇತ್ತು. ದಡಕ್ಕೆ ಬಂದು ಹೋಸ್ ಕೊಯ್ದೆ, ಒಳಗೆ ಬೇಲೆಕೇರಿಯವರು ಹೇಳಿದ ಸಿಪ್ಪೆ ಇಲ್ಲ. ಪಂಪ್ ಬಿಚ್ಚಿದ್ರೆ ಡಯಾಫ್ರಾಮ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳಿದೆ. ಬಿಸಿಯಲ್ಲಿ ಹಿಡಿಯದಿರೋದೂ ಇದರಿಂದಲೇ ಇರಬಹುದಾ? ಕುಂದಾಪುರದಲ್ಲಿ ಒರಿಜಿನಲ್ ಸಿಗ್ತದಾ?

ಮಲ್ಪೆ, ಇಂಜಿನ್ ಕೆಲಸ:
ಇರಬಹುದು. ಅದನ್ನು ಹಾಕಿ ಓಡಿಸಿ, ಆಮೇಲೂ ಬಿಸಿಯಲ್ಲಿ ಹಿಡಿಯದಿದ್ರೆ ಕಾಯಿಲ್. ಹೋಸೂ ಕೊಯ್ದಿದ್ದೀರಲ್ಲ, ಹೊಸದು ಒಟ್ಟಿಗೇ ತಗೊಳ್ಳಿ. ಮಾರೋ ಮಾತು ಈಗ ಬೇಡ.

ಮರವಂತೆ:
ಕಂಪ್ರೆಷನ್ ನೋಡದೆ ಒಂದು ರೂಪಾಯಿ ಹಾಕ್ಬೇಡಿ. ನನ್ನ ಭಾವನ ಗೇಜ್ ಉಂಟು, ಆದಿತ್ಯವಾರ ತರ್ತೇನೆ.

ಹೆಜಮಾಡಿ:
ಸೀಮೆಎಣ್ಣೆ ಬಿಡದಿದ್ರೆ ಆ ಗೇಜ್ ತಿಂಗಳಿಗೊಮ್ಮೆ ತರ್ಬೇಕಾಗ್ತದೆ.

ಮರವಂತೆ:
ತರ್ತೇನೆ. ನಿಮ್ಮ ಪೆಟ್ರೋಲ್ ಬಿಲ್ಲಿಗಿಂತ ಬಸ್ ಚಾರ್ಜು ಕಮ್ಮಿ.